ಇಂಗ್ಲಿಷಿನ ಬೈಗುಳ ಯಾರ ಹೆಸರು?

(ವಿದ್ಯಾರ್ಥಿ ಗೆಳೆಯರ ಸಭೆಯಲ್ಲಿ ಆಡಿದ ಮಾತು)



ಊರಿನ ಬೈಗುಳ ನಮಗೆಲ್ಲ ಗೊತ್ತು. ಅದರಲ್ಲಿ ನಮ್ಮ ಜಾತಿಯ ಹೆಸರೇ ಬೈಗುಳ. ಹಾಸ್ಟೆಲಿಗೆ ಬಂದ ಮೇಲೆ ಹುಡುಗರು ಇಂಗ್ಲಿಷಿನಲ್ಲಿ ಬೈಯೋದು ಕಲೀತಾರೆ. ಇಂಗ್ಲಿಷಿಗೆ ಜಾತಿ ಇಲ್ಲ, ಅದರಲ್ಲಿ ಬೈದರೆ ಮೈಲಿಗೆ ಇಲ್ಲ ಅಂತ ನಂಬಿಕೆ. ಈ ನಂಬಿಕೆಯ ಬುಡ ಸ್ವಲ್ಪ ಅಗೆದು ನೋಡೋಣ.

ದಿನಕ್ಕೆ ಹತ್ತು ಸಲ ಕೇಳೋ ‘ರಾಸ್ಕಲ್’ ತಗೊಳ್ಳಿ. ಮೊದಲು ಅದು ಒಬ್ಬ ಕೆಟ್ಟವನಿಗೆ ಬಿದ್ದ ಬೈಗುಳ ಅಲ್ಲ. ಕೆಳಗಿನ ಜನರ ಇಡೀ ಗುಂಪಿಗೆ ಇಟ್ಟ ಹೆಸರು. ಸಿನಿಮಾದ ‘ವಿಲನ್’ ಯಾರು? ಒಡೆಯನ ಜಮೀನಿನಲ್ಲಿ ದುಡಿಯುತ್ತಿದ್ದ ಆಳು. ‘ನೇವ್’ ಅಂದರೆ ಈಗ ಮೋಸಗಾರ, ಆಗ ಹುಡುಗ, ಮನೆಯಾಳು. ‘ಬೂರ್’ ಅಂದರೆ ಈಗ ಒರಟ, ಆಗ ರೈತ. ‘ಹಸಿ’ ಅಂದರೆ ಈಗ ನಡತೆಗೆಟ್ಟವಳು, ಆಗ ಮನೆ ನಡೆಸುವ ಹೆಂಗಸು. ಆದರೆ ‘ಜೆಂಟಲ್’, ‘ನೋಬಲ್’ ಅಂದರೆ ದೊಡ್ಡ ಮನೆತನದಲ್ಲಿ ಹುಟ್ಟಿದವನು. ಒಡೆಯನ ಹುಟ್ಟು ಒಳ್ಳೇ ಗುಣವಾಯಿತು, ಆಳಿನ ದುಡಿಮೆ ಕೆಟ್ಟ ಗುಣವಾಯಿತು. ದುಡಿಸಿಕೊಂಡವರು ದುಡಿದವರಿಗೆ ಕೊಟ್ಟ ಕೂಲಿ ಇದು.

ಬೈಯೋದಕ್ಕೂ ಅಲ್ಲಿ ಅಂತಸ್ತಿತ್ತು. 1745ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ದೇವರ ಹೆಸರೆತ್ತಿ ಬೈಯುವವರ ಮೇಲೆ ಒಂದು ಕಾನೂನು ಮಾಡಿತು. ಕೂಲಿಯವನಿಗೆ, ಸಾಮಾನ್ಯ ಸಿಪಾಯಿಗೆ 1 ಷಿಲಿಂಗ್ ದಂಡ. ಅವರಿಗಿಂತ ಮೇಲಿದ್ದು ಜಂಟಲ್‌ಮನ್ ಅಲ್ಲದವನಿಗೆ 2. ಜಂಟಲ್‌ಮನ್‌ಗೆ 5. ದೊಡ್ಡವನಿಗೇ ಜಾಸ್ತಿಯಲ್ಲ, ನ್ಯಾಯವೇ ಅಂತೀರಾ? ದಂಡ ಕಟ್ಟಲಾಗದ ಕೂಲಿಯವನಿಗೆ 10 ದಿನ ಕಠಿಣ ದುಡಿಮೆಯ ಸೆರೆ. ಜಂಟಲ್‌ಮನ್ ಜೇಬಿಗೆ ಕೈ ಹಾಕಿ ಮನೆಗೆ ಹೋಗುತ್ತಿದ್ದ. ಈ ಕಾನೂನು ಹೋದದ್ದು 1967ರಲ್ಲಿ.

ಇನ್ನು ನಮ್ಮ ಎದೆಗೇ ತಾಗೋ ಮಾತು. ತಮಿಳಿನಲ್ಲಿ ‘ಪರೈ’ ಅಂದರೆ ನಮ್ಮ ತಮಟೆಯಂಥ ಚರ್ಮವಾದ್ಯ. ಅದನ್ನು ಬಾರಿಸುವ ಪರೈಯರ್ ಜನರ ಹೆಸರು 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಹೋಗಿ ‘ಪರಯಾ’ ಆಯಿತು. ಆಮೇಲೆ ಎಲ್ಲರೂ ಹೊರಗಿಟ್ಟವನು ಅನ್ನೋ ಅರ್ಥ ಬಂತು. ಬೀದಿನಾಯಿಗೂ ಅದೇ ಹೆಸರಿಟ್ಟರು. ಇವತ್ತಿಗೂ ದೊಡ್ಡ ದೊಡ್ಡ ಪತ್ರಿಕೆಗಳು ಯಾವುದಾದರೂ ದೇಶವನ್ನು ಜರಿಯಬೇಕಾದರೆ ‘ಪರಯಾ ರಾಷ್ಟ್ರ’ ಅಂತ ಬರೀತಾವೆ. ಬರೆಯುವವನಿಗೆ ಅದು ಬರೀ ಒಂದು ಪದ. ಅದರೊಳಗೆ ನಮ್ಮ ಅಣ್ಣತಮ್ಮಂದಿರ ಕೇರಿ ಇದೆ. ಇಂಗ್ಲಿಷಿಗೆ ಜಾತಿ ಇಲ್ಲ ಅಂದವರು ಯಾರು?

ಹಾಗಾದರೆ ಇಂಗ್ಲಿಷ್ ಬೇಡವೇ? ಬೇಕು. ಚೆನ್ನಾಗಿ ಬೇಕು. ಬಾಬಾಸಾಹೇಬರು 1936ರಲ್ಲಿ ‘ಅನಿಹಿಲೇಷನ್ ಆಫ್ ಕ್ಯಾಸ್ಟ್’ ಬರೆದದ್ದು ಇದೇ ಇಂಗ್ಲಿಷಿನಲ್ಲಿ. ಅವರು ಆ ಭಾಷೆಯಿಂದ ತಗೊಂಡದ್ದು ವಾದ, ಪುರಾವೆ, ಧೈರ್ಯ. ನಾವು ‘ರಾಸ್ಕಲ್’ ಒಂದನ್ನೇ ತಗೊಂಡು ನಮ್ಮಂಥದೇ ಮನೆಯಿಂದ ಬಂದ ಅಡಿಗೆಯವನ ಮೇಲೆ ಎಸೆದರೆ, ಒಡೆಯನ ಚಾವಟಿಯನ್ನು ನಾವೇ ಹಿಡಿದಂತೆ.

ಸಿಟ್ಟು ಬರಲಿ. ಬರಬೇಕು. ಸಿಟ್ಟು ಬಂದಾಗ ಆದ ಅನ್ಯಾಯವನ್ನು ಅದರ ಹೆಸರು ಹಿಡಿದು ಹೇಳೋಣ. ಅಕ್ಕಿ ಕದ್ದವನನ್ನು ಅಕ್ಕಿ ಕಳ್ಳ ಅನ್ನೋಣ. ವಿದ್ಯಾರ್ಥಿವೇತನ ತಡೆದವನನ್ನು ನಮ್ಮ ಹಣ ತಡೆದವನು ಅಂತ ಅರ್ಜಿಯಲ್ಲಿ ಬರೆದು, ಕೆಳಗೆ ಎಲ್ಲರೂ ಸಹಿ ಹಾಕೋಣ. ಯಾರ ಹುಟ್ಟನ್ನೂ, ಯಾರ ಕಸುಬನ್ನೂ, ಯಾರ ತಾಯಿಯನ್ನೂ ಎಳೆದು ತರಬೇಕಾಗಿಲ್ಲ.

ಜೈ ಭೀಮ್.