ಕೈ ಗೆದ್ದ ಮೇಲೆ ಫಾರ್ಮಿಗೆ ಸೋಲಬೇಡಿ

(ಬೆಂಗಳೂರಿನಲ್ಲಿ ಕನ್ನಡ ಯುವಕ-ಯುವತಿಯರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ, ಅಚ್ಚು ಹಾಕುವವನು. ನಿಮ್ಮ ಅಕ್ಕನ ಮದುವೆಯ ಕರೆಯೋಲೆ, ನಿಮ್ಮ ಬೀದಿಯ ಗಣೇಶೋತ್ಸವದ ಕರಪತ್ರ, ಮೂಲೆ ಹೋಟೆಲಿನ ಬಿಲ್ ಬುಕ್ಕು, ಇವೇ ನನ್ನ ಸಾಹಿತ್ಯ. ಓದಿದ್ದು ಪಿಯುಸಿ, ಅದೂ ಕಾಮರ್ಸ್. ಆದರೂ ಇವತ್ತು ಮೈಕಿನ ಮುಂದೆ ನಿಂತಿದ್ದೇನೆ. ನಿಮ್ಮಲ್ಲಿ ಯಾರಿಗೆ ಚಿತ್ರ ಬರೆಯುವ ಕೈ ಇದೆಯೋ, ಯಾರು ಕಲಾಶಾಲೆಗೆ ಸೇರಬೇಕೆಂದು ಆಸೆಪಟ್ಟು ಇಂಗ್ಲಿಷ್ ಫಾರ್ಮ್ ನೋಡಿ ಹಿಂದೆ ಸರಿದಿದ್ದೀರೋ, ಅವರ ಜೊತೆ ನಾಲ್ಕು ಮಾತಾಡಬೇಕಾಗಿದೆ.

1998ನೇ ಇಸವಿ. ಪಿಯುಸಿ ಮುಗಿದಿತ್ತು. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದ್ದೆ. ಒಂದು ಕಲಾ ಕಾಲೇಜಿನಿಂದ ಅರ್ಜಿ ತಂದೆ. ಹೆಸರು, ವಿಳಾಸ, ಜನ್ಮದಿನಾಂಕ ತುಂಬಿದೆ. ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕ. ಈ ಕೋರ್ಸನ್ನು ಯಾಕೆ ಓದಬೇಕೆಂದಿದ್ದೀರಿ, ಇಂಗ್ಲಿಷಿನಲ್ಲಿ ಬರೆಯಿರಿ ಎಂದಿತ್ತು. ಪೆನ್ನು ಅಲ್ಲಿಗೇ ನಿಂತಿತು. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಅಂದುಕೊಂಡೆ. ಕಡೆಯ ದಿನಾಂಕ ದಾಟಿತು. ಆ ಪುಟದ ಹಿಂಬದಿ ಬಿಳಿಯಾಗಿತ್ತು. ನಮ್ಮಪ್ಪನ ಪ್ರೆಸ್ಸಿನಲ್ಲಿ ಕೂತು ಅದರ ಮೇಲೆ ಯಾರದೋ ಮದುವೆ ಪತ್ರಿಕೆಯ ಲೇಔಟ್ ಹಾಕಿದೆ. ಅಂದಿನಿಂದ ಪ್ರೆಸ್ಸಿನಲ್ಲೇ ಇದ್ದೇನೆ.

ಗೆಳೆಯರೇ, ನನ್ನನ್ನು ಯಾರೂ ಫೇಲು ಮಾಡಲಿಲ್ಲ. ನನ್ನ ಚಿತ್ರವನ್ನು ಯಾರೂ ನೋಡಲೇ ಇಲ್ಲ. ನಾನೇ ತೋರಿಸಲಿಲ್ಲ! ಪ್ರೆಸ್ಸು ನನಗೆ ಅನ್ನ ಕೊಟ್ಟಿದೆ, ಅದರ ಬಗ್ಗೆ ದೂರಿಲ್ಲ. ಆದರೆ ಆ ಚೌಕ ಇವತ್ತಿಗೂ ಕಣ್ಣ ಮುಂದೆ ಇದೆ.

ಇನ್ನೊಂದು ಕತೆ ಕೇಳಿ. ನಮ್ಮ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಒಬ್ಬ ತಾಯಿ ಕೆಲಸ ಮಾಡುತ್ತಾರೆ. ಅವರ ಮಗ ಕನ್ನಡ ಮೀಡಿಯಂ ಹುಡುಗ. ಕಾಲೇಜು ಮುಗಿಸಿ ಸಂಜೆ ಬಂದು ರದ್ದಿ ಹಾಳೆಗಳ ಮೇಲೆ ಚಿತ್ರ ಬರೆಯುತ್ತಿದ್ದ. ಬರೆದದ್ದೆಲ್ಲ ಕೈಗಳು: ಮಡಚುವ ಕೈ, ಕತ್ತರಿಸುವ ಕೈ, ಇಂಕು ಮೆತ್ತಿದ ಕೈ. 2022ರಲ್ಲಿ ಕಲಾ ಕಾಲೇಜಿಗೆ ಅರ್ಜಿ ಹಾಕಿದ. ಅದೇ ಚೌಕ ಅವನಿಗೂ ಎದುರಾಯಿತು. ಅವನು ನನ್ನ ಹಾಗೆ ಬಿಟ್ಟುಕೊಡಲಿಲ್ಲ, ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಬರೆಸಿದ. ಭಾರೀ ಇಂಗ್ಲಿಷು! ಒಂದೊಂದು ಪದವೂ ಒಂದೊಂದು ಗಜ ಉದ್ದ.

ಪ್ರಾಯೋಗಿಕ ಪರೀಕ್ಷೆ ಚೆನ್ನಾಗಿ ಮಾಡಿದ. ಸಂದರ್ಶನದಲ್ಲಿ ಮೂವರು ಕೂತಿದ್ದರು. ಚಿತ್ರಗಳನ್ನು ತಿರುಗಿಸಿ ನೋಡಿದರು, ಮೆಚ್ಚಿಕೊಂಡರು. ಆಮೇಲೆ ಅವನ ಹೇಳಿಕೆಯಲ್ಲಿದ್ದ ಒಂದು ಪದಕ್ಕೆ ಬೆರಳಿಟ್ಟು, ಹೀಗೆಂದರೇನು, ವಿವರಿಸು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗ ಬೆವರಿದ. ಆ ಪದವನ್ನು ಉಚ್ಚರಿಸಲೂ ಅವನಿಗೆ ಬರುತ್ತಿರಲಿಲ್ಲ. ತಲೆ ತಗ್ಗಿಸಿ ಎದ್ದು ಬಂದ. ಹಿಂದಿನಿಂದ ಮೂವರಲ್ಲಿ ಒಬ್ಬರು ಹೇಳಿದರಂತೆ: "ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಪ್ಪ."

ಕೇಳಿದಿರಾ? ಅಚ್ಚ ಕನ್ನಡ! ಅಲ್ಲಿದ್ದವರಿಗೆ ಕನ್ನಡ ಬರುತ್ತಿತ್ತು. ಹುಡುಗನಿಗೂ ಕನ್ನಡ ಬರುತ್ತಿತ್ತು. ಮಧ್ಯೆ ಇದ್ದ ಮೇಜಿನ ಮೇಲೆ ಮಾತ್ರ ಇಂಗ್ಲಿಷು ಕೂತಿತ್ತು. ಅವರು ಕನ್ನಡದಲ್ಲಿ ಕೇಳಲಿಲ್ಲ, ತಪ್ಪು ಅವರದು. ಕನ್ನಡದಲ್ಲಿ ಹೇಳಲೇ ಸಾರ್ ಎಂದು ಇವನೂ ಬಾಯಿ ಬಿಡಲಿಲ್ಲ, ಅದು ನಮ್ಮ ಅಂಜಿಕೆ. ಸೀಟು ಸಿಗಲಿಲ್ಲ.

ಕಲಾಶಾಲೆ ಏನನ್ನು ನೋಡುತ್ತದೆ ಎಂಬುದು ಮೊದಲು ನಿಮಗೆ ತಿಳಿದಿರಲಿ. ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್ಸ್, ಅನ್ವಯಿಕ ಕಲೆ ಕಲಿಸುವ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮೂರು ಹಂತ. ನೀವು ಮಾಡಿದ ಕೆಲಸಗಳ ಪೋರ್ಟ್‌ಫೋಲಿಯೊ ಒಂದು. ಅಲ್ಲೇ ಕೂತು ಬರೆಯುವ ಪ್ರಾಯೋಗಿಕ ಪರೀಕ್ಷೆ ಎರಡು. ಎದುರಿಗಿಟ್ಟ ಮಡಕೆ-ಬಟ್ಟೆ ನೋಡಿ ಬರೆಯುವುದು, ನೆನಪಿನಿಂದ ಸಂತೆಯನ್ನೋ ಬಸ್ ನಿಲ್ದಾಣವನ್ನೋ ಬರೆಯುವುದು, ಹೀಗೆ. ಮೂರನೆಯದು ಸಂದರ್ಶನ. ಈ ಮೂರರಲ್ಲಿ ಮೊದಲ ಎರಡಕ್ಕೆ ಭಾಷೆಯೇ ಬೇಡ! ಕೈ, ಕಣ್ಣು, ತಾಳ್ಮೆ ಸಾಕು. ಎರಡು ಹಂತ ಗೆದ್ದು ಬಂದವನು ಒಂದು ಚೌಕಕ್ಕೆ ಹೆದರಿ ಮನೆಗೆ ಹೋಗುವುದು ಯಾವ ನ್ಯಾಯ?

ನಮ್ಮ ಹಿರಿಯರನ್ನು ನೋಡಿ. ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಆಮೇಲೆ ಪ್ಯಾರಿಸ್ಸಿಗೂ ಹೋಗಿ ಕಲಿತರು. ಪ್ಯಾರಿಸ್ಸಿನ ಬೀದಿಯಲ್ಲಿ ಇಂಗ್ಲಿಷೂ ಪರದೇಶಿಯೇ! ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದರು ಈ ಬೆಂಗಳೂರಿನಲ್ಲೇ ಕೆನ್ ಕಲಾಶಾಲೆ ಕಟ್ಟಿದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡರು ಆ ಕೆನ್ ಶಾಲೆಯಿಂದ ಶಾಂತಿನಿಕೇತನಕ್ಕೆ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದರು. 2009ರಲ್ಲಿ ಅವರ ಕೆಲಸ ವೆನಿಸ್ ಬಿಯೆನಾಲೆಯಲ್ಲಿತ್ತು. ದಾರಿ ಇದೆ, ಇಲ್ಲಿಂದಲೇ ಹೊರಟಿದೆ. ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಚಿತ್ರಕಲಾ ಪರಿಷತ್ತಿದೆ, ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ ಇದೆ. ಮೊದಲು ಹೋಗಿ ಆ ಅಂಗಳಗಳಲ್ಲಿ ಒಂದು ದಿನ ಸುತ್ತಾಡಿ ಬನ್ನಿ.

ಮತ್ತೆ ನಮ್ಮ ಹುಡುಗನ ವಿಷಯಕ್ಕೆ ಬರುತ್ತೇನೆ. ಮಾರನೆಯ ವರ್ಷ ಅರ್ಜಿ ಕರೆದಾಗ ಅವನು, "ಬೇಡ ಅಣ್ಣ, ಮೆಷಿನ್ ಕೆಲಸ ಕಲೀತೀನಿ" ಅಂದ. ನನ್ನ ಎದೆ ಧಸಕ್ಕೆಂದಿತು. 1998ರ ನಾನೇ ಎದುರಿಗೆ ನಿಂತ ಹಾಗಾಯಿತು. ರಾತ್ರಿ ಮೆಷಿನ್ ನಿಂತ ಮೇಲೆ ಅವನನ್ನು ಕೂರಿಸಿ, "ಇಂಗ್ಲಿಷ್ ಮರೆತುಬಿಡು. ಬರೀ ಕೈ ಯಾಕೋ ಬರೀತೀಯ, ಅದನ್ನ ಹೇಳು" ಅಂದೆ. ಅವನು ಹೇಳಿದ್ದನ್ನು ನಾನು ಬರೆದುಕೊಂಡೆ: "ನಮ್ಮಮ್ಮ ದಿನವೂ ಫಾರಂ ಮಡಚುತ್ತಾಳೆ. ಸಾವಿರಾರು ಹಾಳೆ. ಅವಳ ಹೆಬ್ಬೆರಳಿನ ಉಗುರು ಸವೆದಿದೆ. ಆ ಉಗುರನ್ನು ಬರೆಯಲು ಹೋಗಿ ನಾನು ನೆರಳು ಹಾಕುವುದನ್ನು ಕಲಿತೆ."

ಇದಕ್ಕಿಂತ ದೊಡ್ಡ ಹೇಳಿಕೆ ಬೇಕೇ? ಅದೇ ನಾಲ್ಕು ಮಾತಿಗೆ ಇನ್ನೂ ಹತ್ತು ಸೇರಿಸಿದೆವು. ಪಕ್ಕದ ಬೀದಿಯ ಹೈಸ್ಕೂಲು ಮೇಷ್ಟ್ರು ಅದನ್ನು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿಕೊಟ್ಟರು. ಒಂದೇ ಷರತ್ತು: ಹುಡುಗನಿಗೆ ಅರ್ಥವಾಗದ ಒಂದು ಪದವೂ ಅದರಲ್ಲಿ ಇರಬಾರದು. ಸಂದರ್ಶನದಲ್ಲಿ ಅವನೇ ಮೊದಲು ಹೇಳಿದ: "ಸಾರ್, ನನಗೆ ಇಂಗ್ಲಿಷ್ ನಿಧಾನ. ಬೇಕಾದ ಕಡೆ ಕನ್ನಡದಲ್ಲಿ ಹೇಳ್ತೀನಿ." ಎದುರಿನವರು, "ಧಾರಾಳವಾಗಿ ಹೇಳಪ್ಪ" ಅಂದರು. ಕಾಲು ಗಂಟೆ ಮಾತಾಡಿದ. ಸೀಟು ಸಿಕ್ಕಿತು. ಈಗಲೂ ರಜೆಯಲ್ಲಿ ಬಂದು ನನ್ನ ಪ್ರೆಸ್ಸಿನಲ್ಲಿ ಕೈ ಕಪ್ಪು ಮಾಡಿಕೊಳ್ಳುತ್ತಾನೆ.

ಇದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ, ಗಂಟು ಹಾಕಿಕೊಳ್ಳಿ.

ನಿಮ್ಮ ಹೇಳಿಕೆಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಏನು ಬರೆಯುತ್ತೀರಿ, ಯಾಕೆ, ಯಾವ ಕೆಲಸ ಕೈಕೊಟ್ಟಿತು, ಮುಂದೆ ಏನು ಕಲಿಯಬೇಕು, ಇಷ್ಟಿದ್ದರೆ ಸಾಕು. ಆಮೇಲೆ ಇಂಗ್ಲಿಷಿಗೆ ಇಳಿಸಿ. ಈಗ ಮೊಬೈಲಿನಲ್ಲಿ ಯಂತ್ರವೇ ಪುಟಗಟ್ಟಲೆ ಬರೆದುಕೊಡುತ್ತದೆ. ಅದೂ ಸೈಬರ್ ಸೆಂಟರಿನವನ ಅಣ್ಣನೇ! ಬಾಯಲ್ಲಿ ಹೇಳಲಾಗದ ಪದವನ್ನು ಕಾಗದದಲ್ಲಿ ಉಳಿಸಬೇಡಿ.

ಪೋರ್ಟ್‌ಫೋಲಿಯೊದಲ್ಲಿ ಸಿನಿಮಾ ನಟರ ಫೋಟೋ ನೋಡಿ ಬರೆದ ಚಿತ್ರಗಳನ್ನೇ ತುಂಬಬೇಡಿ. ನಿಮ್ಮ ಮನೆ, ನಿಮ್ಮ ಬೀದಿ, ಕೂತಲ್ಲಿ ನಿಂತಲ್ಲಿ ಬರೆದ ಸ್ಕೆಚ್ ಪುಸ್ತಕ ಇರಲಿ. ಪ್ರತಿ ಚಿತ್ರದ ಕೆಳಗೆ ಮಾಧ್ಯಮ, ಅಳತೆ, ಇಸವಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ.

ಕಸುಬಿನ ಪದಗಳನ್ನು ಕಲಿಯಿರಿ. ಟೋನ್, ಲೈನ್, ಕಾಂಪೊಸಿಷನ್, ಪರ್ಸ್ಪೆಕ್ಟಿವ್, ಟೆಕ್ಸ್ಚರ್, ಮೀಡಿಯಂ, ಹೀಗೆ ಐವತ್ತು ಪದಗಳನ್ನು ತಿಳಿದುಕೊಂಡರೆ ಸಂದರ್ಶನದ ಅರ್ಧ ಮಾತು ಅರ್ಥವಾಗುತ್ತದೆ. ನಮ್ಮ ಮೆಷಿನ್‌ಮನ್ ಏಳನೇ ಕ್ಲಾಸು. ಸಯಾನ್, ಮೆಜೆಂಟಾ, ರಿಜಿಸ್ಟ್ರೇಷನ್, ಗ್ರಿಪ್ಪರ್ ಅಂತ ಸಲೀಸಾಗಿ ಹೇಳುತ್ತಾನೆ. ಅವನಿಗೆ ಅವು ಇಂಗ್ಲಿಷ್ ಅಲ್ಲ, ಕೈಯೊಳಗಿನ ಸ್ಪ್ಯಾನರ್.

ಥಿಯರಿ ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬಹುದು, ಸಂದರ್ಶನ ಕನ್ನಡದಲ್ಲಿ ಆದೀತೇ ಎಂದು ಅರ್ಜಿ ಹಾಕುವ ಮೊದಲೇ ಕಾಲೇಜಿಗೆ ಪತ್ರ ಬರೆದು ಕೇಳಿ. ಕೇಳುವುದು ಭಿಕ್ಷೆಯಲ್ಲ.

ಸುಳ್ಳು ಭರವಸೆ ಕೊಡಲಾರೆ. ಕಲೆಯ ಇತಿಹಾಸದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಇಂಗ್ಲೆಂಡಿನಂಥ ದೇಶಗಳ ಕಾಲೇಜಿಗೆ ಹೋಗುವುದಾದರೆ ಚಿತ್ರದ ಜೊತೆಗೆ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ಅದಕ್ಕೆ ಒಂದು ವರ್ಷ ಕೂತು ಕಲಿಯಿರಿ. ಇಂಗ್ಲಿಷನ್ನು ದ್ವೇಷಿಸಬೇಡಿ, ಅದಕ್ಕೆ ಅಂಜಲೂಬೇಡಿ.

ಇನ್ನು ಕಾಲೇಜುಗಳಿಗೆ, ಸರ್ಕಾರಕ್ಕೆ ಒಂದು ಪ್ರಶ್ನೆ. ಡಾಕ್ಟರಾಗಲು ಬರೆಯುವ ನೀಟ್ ಪರೀಕ್ಷೆ 2017ರಿಂದ ಕನ್ನಡದಲ್ಲಿ ಸಿಕ್ಕಿತು. ಎಂಜಿನಿಯರಿಂಗಿನ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಬಂತು. ಆದರೆ ವಿನ್ಯಾಸ ಕಲಿಯಲು ಬಾಂಬೆ ಐಐಟಿ ನಡೆಸುವ ಯುಸೀಡ್ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ! ಹೃದಯದ ರಕ್ತನಾಳವನ್ನು ಕನ್ನಡದಲ್ಲಿ ಕೇಳಬಹುದಾದರೆ, ಕುರ್ಚಿಯ ಕಾಲನ್ನು ಕೇಳಲಾಗದೇ? ಕರ್ನಾಟಕದ ಕಲಾ ಕಾಲೇಜುಗಳಾದರೂ ಅರ್ಜಿ, ವಿವರಣಾ ಪುಸ್ತಿಕೆ, ಪ್ರಶ್ನೆಪತ್ರಿಕೆಗಳನ್ನು ಎರಡು ಭಾಷೆಯಲ್ಲಿ ಕೊಡಲಿ. "ಕನ್ನಡದಲ್ಲಿ ಉತ್ತರಿಸಬಹುದು" ಎಂಬ ಒಂದು ಸಾಲನ್ನು ಸಂದರ್ಶನದ ಪತ್ರದಲ್ಲಿ ಅಚ್ಚು ಹಾಕಲಿ. ಅದಕ್ಕೆ ಖರ್ಚು ಎಷ್ಟೆಂದು ಅಚ್ಚು ಹಾಕುವ ನನಗೆ ಗೊತ್ತು. ಒಂದು ಪೈಸೆಯೂ ಹೆಚ್ಚಾಗುವುದಿಲ್ಲ!

ಆ ಸಾಲು ಬರುವವರೆಗೆ ಕಾಯಬೇಡಿ. ಇವತ್ತು ರಾತ್ರಿ ಮನೆಗೆ ಹೋಗಿ, ಒಂದು ಹಾಳೆ ತೆಗೆದುಕೊಂಡು, ನೀವು ಯಾಕೆ ಚಿತ್ರ ಬರೆಯುತ್ತೀರಿ ಎಂದು ಕನ್ನಡದಲ್ಲಿ ಹತ್ತು ಸಾಲು ಬರೆಯಿರಿ. ಆ ಚೌಕವನ್ನು ಖಾಲಿ ಬಿಟ್ಟ ನನ್ನಂಥವನು ಒಬ್ಬನೇ ಸಾಕು.