ಹಿಂದಿನ ಸಾಲಿನ ಮಗು



ಪಾಠ ತಿಳಿಯದ ಮಗುವನ್ನು ದಡ್ಡನೆಂದು ಜರಿದರೆ ಅದು ನಾಚಿಕೆಯಿಂದ ಕುಗ್ಗಿ, ಕೊನೆಗೆ ಶಾಲೆಯನ್ನೇ ತೊರೆದೀತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯು ಬೇರೊಂದು ದಾರಿ ತೋರಿತು. ಅದರಲ್ಲಿ ಕಲಿಕೆಯೆಂಬುದು ಏಣಿ. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿಯೇ ಮೆಟ್ಟಿಲೇರುತ್ತದೆ. ಜ್ವರ ಬಂದು ಹದಿನೈದು ದಿನ ಬಾರದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಹೊಸತನ್ನು ಕಲಿಯುವವರ ಬಳಿ ಗುರುವೇ ಇರುತ್ತಾನೆ. ಸ್ವಲ್ಪ ಕಲಿತವರಿಗೆ ಗೆಳೆಯರು ನೆರವಾಗುತ್ತಾರೆ. ಬಲ್ಲವರು ತಾವೇ ಅಭ್ಯಾಸ ಮಾಡುತ್ತಾರೆ.

ವೈದ್ಯನು ಎಲ್ಲ ರೋಗಿಗಳಿಗೂ ಒಂದೇ ಔಷಧ ಕೊಡುವನೇ? ಪಾಠವೂ ಹಾಗೆಯೇ, ಮಗುವನ್ನರಿತು ಕೊಡತಕ್ಕದ್ದು. ಆದುದರಿಂದ ಉಪಾಧ್ಯಾಯರಾಗಿರುವ ಭಕ್ತರಿಗೆ ನಾವು ಹೇಳುವುದಿಷ್ಟೇ: ದಿನವೂ ಹಿಂದಿನ ಸಾಲಿನ ಮಗುವಿನ ಪಕ್ಕದಲ್ಲಿ ಅರೆಗಳಿಗೆ ಕುಳಿತು, ಅದು ಯಾವ ಮೆಟ್ಟಿಲಿನಲ್ಲಿ ನಿಂತಿದೆಯೆಂದು ತಿಳಿಯಿರಿ. ಅದೇ ನಿಮ್ಮ ದಾಸೋಹ.