ಕ್ಯಾಪ್ಸೂಲ್ ಬೇಕಾ, ಮಜ್ಜಿಗೆ ಸಾಕಾ?

ಇವತ್ತಿನ ಎಪಿಸೋಡ್‌ಗೆ ಒಬ್ಬ ಸ್ಪಾನ್ಸರ್ ಇರಬೇಕಿತ್ತು, ಆದ್ರೆ ಇಲ್ಲ. ಯಾಕೆ ಅಂತ ಹೇಳ್ತೀನಿ.

ಹೋದ ತಿಂಗಳು ಒಂದು ಕಂಪನಿಯವರು ಫೋನ್ ಮಾಡಿದ್ರು. ಅವರ ಪ್ರೋಬಯಾಟಿಕ್ ಕ್ಯಾಪ್ಸೂಲ್ ದಿನಾ ಒಂದು ನುಂಗಿದ್ರೆ ಗ್ಯಾಸ್, ಆಸಿಡಿಟಿ ಎಲ್ಲಾ ಮಾಯ ಅಂತ ನಾನು ಹೇಳಬೇಕಂತೆ. ದುಡ್ಡು ನನ್ನ ಎರಡು ತಿಂಗಳ ಬಾಡಿಗೆಯಷ್ಟು. ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕ ನೋಡದೆ ಸಹಿ ಹಾಕೋ ಅಭ್ಯಾಸ ಇಲ್ಲ. ಓದೋಕೆ ಕೂತೆ.

ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದ್ರು. ಹೆಚ್ಚಿನವು ಇರೋದು ದೊಡ್ಡ ಕರುಳಿನಲ್ಲಿ. ಅವುಗಳ ಊಟ ನಾರಿನಂಶ. ರಾಗಿ, ಹುರುಳಿ, ಸೊಪ್ಪು, ಕಾಳುಗಳಲ್ಲಿರುವ ನಾರನ್ನು ನಮ್ಮ ಜಠರ ಜೀರ್ಣಿಸಲ್ಲ. ಅದು ಹಾಗೇ ಕೆಳಗೆ ಹೋಗುತ್ತೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಅನ್ನೋ ಆಮ್ಲ ಮಾಡ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ನಾರು ಸಿಗದಿದ್ರೆ? ಇಲಿಗಳ ಮೇಲಿನ ಪ್ರಯೋಗದಲ್ಲಿ, ಹಸಿದ ಬ್ಯಾಕ್ಟೀರಿಯಾ ಕರುಳನ್ನು ಕಾಪಾಡೋ ಲೋಳೆಪದರವನ್ನೇ ತಿನ್ನೋಕೆ ಶುರುಮಾಡಿದ್ವು.

2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರಿಗೆ ಹತ್ತು ವಾರ ಬೇರೆ ಬೇರೆ ಆಹಾರ ಕೊಟ್ಟು ನೋಡಿದ್ರು. ಮೊಸರಿನಂಥ ಹುದುಗಿದ ಆಹಾರ ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತದ ಗುರುತುಗಳು ಕಡಿಮೆಯಾದ್ವು. ಸಣ್ಣ ಅಧ್ಯಯನ, ನಿಜ. ಆದ್ರೆ ಕ್ಯಾಪ್ಸೂಲ್ ಕಥೆ? 2020ರಲ್ಲಿ ಅಮೆರಿಕದ ಜೀರ್ಣಾಂಗ ತಜ್ಞರ ಸಂಘ, ಹೊಟ್ಟೆಯ ಹೆಚ್ಚಿನ ತೊಂದರೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡುವಷ್ಟು ಆಧಾರ ಇಲ್ಲ ಅಂತು.

ಹಾಗಾದ್ರೆ ಏನು ಮಾಡೋಣ? ಊಟಕ್ಕೆ ಮಜ್ಜಿಗೆ ಇರಲಿ. ವಾರಕ್ಕೆ ಎರಡು ಮೂರು ಸಲ ಹುರುಳಿ, ಅಲಸಂದೆ, ಹೆಸರುಕಾಳು ಇರಲಿ. ಇಡ್ಲಿ ಒಳ್ಳೇದೇ, ಆದ್ರೆ ಹಬೆಯಲ್ಲಿ ಬೇಯುವಾಗ ಹಿಟ್ಟಿನ ಬ್ಯಾಕ್ಟೀರಿಯಾ ಸಾಯ್ತವೆ, ನೆನಪಿರಲಿ. ಕಾಳು ನಿಧಾನವಾಗಿ ಹೆಚ್ಚಿಸಿ, ಒಂದೇ ದಿನ ಜಾಸ್ತಿ ತಿಂದ್ರೆ ಗ್ಯಾಸ್ ಗ್ಯಾರಂಟಿ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ತಗೋಬೇಡಿ, ಅದು ಒಳ್ಳೆ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ. ಮಲದಲ್ಲಿ ರಕ್ತ ಕಂಡ್ರೆ, ಸುಮ್ಮನೆ ತೂಕ ಇಳಿದ್ರೆ, ಮಜ್ಜಿಗೆ ಕುಡಿದು ಕೂರಬೇಡಿ, ಡಾಕ್ಟರ್ ಹತ್ರ ಹೋಗಿ.

ಕಂಪನಿಗೆ ಆಗಲ್ಲ ಅಂದೆ. ಬಾಡಿಗೆ ಈ ಸಲವೂ ಸಂಬಳದಿಂದಲೇ. ಮುಂದಿನ ವಾರ ಸಿಗೋಣ.